ಗುರುವಿಲ್ಲದವನು ಕಟ್ಟಿದ ಕಂಪನಿ

(ಧಾರವಾಡದಲ್ಲಿ ಸಂಗೀತ ಮತ್ತು ನೃತ್ಯದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಓದುಗರಿಗಾಗಿ ತಿದ್ದಿ ಬರೆದದ್ದು.)

ಹಿರಿಯರೆ, ಗೆಳೆಯರೆ,

ಈ ಊರಿನಲ್ಲಿ ಯಾರಾದರೂ ಹಾಡಲು ಕುಳಿತರೆ, ಕೇಳುಗರು ರಾಗ ಯಾವುದೆಂದು ಗುರುತಿಸುವುದಕ್ಕೂ ಮೊದಲು ಪಕ್ಕದವರ ಕಿವಿಯಲ್ಲಿ ಕೇಳುವ ಪ್ರಶ್ನೆ ಒಂದಿದೆ: ಇವರದು ಯಾರ ತಾಲೀಮು? ಕಿರಾಣಾ, ಜೈಪುರ, ಗ್ವಾಲಿಯರ್ ಎಂಬ ಹಾಡಿಕೆಯ ಪರಂಪರೆಗಳ ಹೆಸರುಗಳು ಧಾರವಾಡದಲ್ಲಿ ಮನೆತನದ ಅಡ್ಡಹೆಸರುಗಳ ಹಾಗೆ ಓಡಾಡುತ್ತವೆ. ಪ್ರಶ್ನೆಯಲ್ಲಿ ಕುಹಕವೇನೂ ಇಲ್ಲ. ಸ್ವರ ಹಚ್ಚುವ ಬಗೆ, ತಾನಿನ ಓಟ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಕೂಡುವ ರೀತಿ ಇವೆಲ್ಲ ಎಲ್ಲಿಂದ ಬಂದವು ಎಂದು ತಿಳಿದರೆ ಕೇಳುವ ಕಿವಿ ಹದಗೊಳ್ಳುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಇಂಥ ಊರಿನಲ್ಲಿ ನಿಂತು, ಆ ಪ್ರಶ್ನೆಗೆ ಉತ್ತರವೇ ಇರದಿದ್ದ ಒಬ್ಬ ಕಲಾವಿದನ ಬಗ್ಗೆ, ಆತ ಕಟ್ಟಿದ ತಂಡದ ಬಗ್ಗೆ, ಆ ತಂಡದ ಮೊದಲ ಪ್ರಯೋಗಗಳ ಬಗ್ಗೆ ಮಾತನಾಡುವುದು ನನಗೆ ಸ್ವಲ್ಪ ಧೈರ್ಯದ ಕೆಲಸವಾಗಿಯೇ ಕಾಣುತ್ತಿದೆ.

ಭಾರತದಲ್ಲಿ ಸಮಕಾಲೀನ ನೃತ್ಯ ಹೇಗೆ ಹುಟ್ಟಿತು ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಇಡೀ ಚರಿತ್ರೆಯನ್ನು ಒಂದು ಗಂಟೆಯಲ್ಲಿ ಹೇಳಲು ಹೋದರೆ ಹೆಸರುಗಳ ಪಟ್ಟಿ ಮಾತ್ರ ಉಳಿದೀತು. ಆದ್ದರಿಂದ ಒಂದೇ ತಂಡವನ್ನು ಆರಿಸಿಕೊಂಡಿದ್ದೇನೆ. ಅದು 1931ರಿಂದ 1938ರವರೆಗೆ ಯೂರೋಪು, ಅಮೆರಿಕ ಮತ್ತು ಭಾರತದಲ್ಲಿ ಸಂಚರಿಸಿದ ಉದಯ ಶಂಕರ್ ಅವರ ನೃತ್ಯ ಕಂಪನಿ.

‘ಕಂಪನಿ’ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮ ಕಡೆ ಕಂಪನಿ ಎಂದರೆ ಮೊದಲು ನೆನಪಾಗುವುದು ನಾಟಕದ ಕಂಪನಿ: ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಬಾಲಕ ಮಲ್ಲಿಕಾರ್ಜುನ ಮನ್ಸೂರರು ಪಾತ್ರ ಮಾಡಿ ಹಾಡುತ್ತಿದ್ದ ವಾಮನರಾವ್ ಮಾಸ್ತರರ ಕಂಪನಿ. ಪರದೆ, ಪೆಟ್ಟಿಗೆ, ಪೋಷಾಕು, ಹಾರ್ಮೋನಿಯಂ ಹೊತ್ತು ಊರೂರು ತಿರುಗುವ, ಒಂದೇ ಒಲೆಯ ಅಡುಗೆ ಉಣ್ಣುವ, ಹುಡುಗರನ್ನು ಪಾತ್ರಕ್ಕೂ ಹಾಡಿಗೂ ಏಕಕಾಲಕ್ಕೆ ತಯಾರು ಮಾಡುವ ಸಂಸಾರ ಅದು. ಉದಯ ಶಂಕರ್ ಅವರ ತಂಡ ಸಂಚರಿಸಿದ್ದು ಪ್ಯಾರಿಸ್, ಬರ್ಲಿನ್, ನ್ಯೂಯಾರ್ಕ್‌ಗಳಲ್ಲಾದರೂ ಅದರ ಒಳಗಿನ ಬದುಕು ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಅದನ್ನು ಒಬ್ಬ ಮಹಾ ಕಲಾವಿದನ ಏಕಾಂತದ ಸಾಧನೆ ಎಂದು ಹೇಳುವ ರೂಢಿ ಇದೆ. ನನ್ನ ಮಟ್ಟಿಗೆ ಅದು ಒಂದು ಕೂಡು ಕುಟುಂಬದ ಕತೆ.

ಉದಯ ಶಂಕರ್ ಹುಟ್ಟಿದ್ದು 1900ರ ಡಿಸೆಂಬರ್ 8ರಂದು, ರಾಜಸ್ಥಾನದ ಉದಯಪುರದಲ್ಲಿ. ಹೆಸರಿಗೆ ಊರೇ ಕಾರಣ. ತಂದೆ ಶ್ಯಾಮ ಶಂಕರ್ ಬಂಗಾಳಿ, ಸಂಸ್ಕೃತ ಬಲ್ಲ ವಿದ್ವಾಂಸರು, ಝಾಲಾವಾಡ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದವರು. ಬಾಲ್ಯದ ಬಹುಭಾಗ ಕಳೆದದ್ದು ತಾಯಿಯ ತವರಾದ ಘಾಜಿಪುರದ ಬಳಿಯ ನಸರತ್‌ಪುರದಲ್ಲಿ. ಅಲ್ಲಿ ಮಾತಾದೀನ್ ಎಂಬ ಚಮ್ಮಾರರ ಕುಣಿತಗಾರನ ಕುಣಿತವನ್ನು ಹುಡುಗ ಮೈಮರೆತು ನೋಡುತ್ತಿದ್ದನಂತೆ. ನೃತ್ಯದ ಪಾಠವೆಂದು ಏನಾದರೂ ಸಿಕ್ಕಿದ್ದರೆ ಅದು ಅಷ್ಟೇ: ಬೀದಿಯಲ್ಲಿ ನಿಂತು ನೋಡಿದ್ದು. ನಮ್ಮಲ್ಲಿ ದೊಡ್ಡಾಟದ ಅಟ್ಟದ ಮುಂದೆ ನಿದ್ದೆಗೆಟ್ಟು ಕುಳಿತ ಹುಡುಗರು ಎಷ್ಟೋ ಮಂದಿ ಹೀಗೆಯೇ ಕಲಿತಿದ್ದಾರೆ. ಆದರೆ ಅವರ ಕಲಿಕೆಯನ್ನು ತಾಲೀಮು ಎಂದು ಕರೆಯಲು ನಾವು ಹಿಂಜರಿಯುತ್ತೇವೆ.

ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ, ಗಾಂಧರ್ವ ಮಹಾವಿದ್ಯಾಲಯದಲ್ಲಿ ಸ್ವಲ್ಪ ಕಾಲ ಸಂಗೀತ, ಆಮೇಲೆ 1920ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿ ಪ್ರಾಂಶುಪಾಲರಾಗಿದ್ದವರು ರವೀಂದ್ರನಾಥ ಠಾಕೂರರ ಗೆಳೆಯ ವಿಲಿಯಂ ರಾಥನ್‌ಸ್ಟೈನ್. ಉದಯ ಶಂಕರ್ ವರ್ಣಚಿತ್ರಕಾರರಾಗಬೇಕಾಗಿದ್ದವರು. ತಂದೆ ಲಂಡನ್ನಿನಲ್ಲಿ ಏರ್ಪಡಿಸುತ್ತಿದ್ದ ಸಮಾರಂಭಗಳಲ್ಲಿ ಹವ್ಯಾಸಕ್ಕೆಂದು ಕುಣಿಯುತ್ತಿದ್ದರು, ಅಷ್ಟೇ. ಅದು ರಷ್ಯನ್ ಬ್ಯಾಲೆ ಕಲಾವಿದೆ ಆನಾ ಪಾವ್ಲೋವಾ ಅವರ ಗಮನಕ್ಕೆ ಬಂತು. ಅವರು ಆಗ ತಾನೇ ಭಾರತದ ಪ್ರವಾಸ ಮುಗಿಸಿ ಬಂದಿದ್ದರು. ಭಾರತದ ವಸ್ತುವಿಟ್ಟುಕೊಂಡು ಏನಾದರೂ ಮಾಡಬೇಕೆಂಬ ಆಸೆ ಇತ್ತು. 1923ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಹಿಂದೂ ಮದುವೆಯ ಒಂದು ದೃಶ್ಯವೂ ರಾಧಾಕೃಷ್ಣರ ಒಂದು ಯುಗಳ ನೃತ್ಯವೂ ರಂಗಕ್ಕೆ ಬಂದವು. ಪಾವ್ಲೋವಾ ರಾಧೆ, ಇಪ್ಪತ್ತೆರಡರ ಉದಯ ಶಂಕರ್ ಕೃಷ್ಣ. ಸಂಗೀತ ಕೊಟ್ಟವರು ಕಮಲತಾ ಬ್ಯಾನರ್ಜಿ ಎಂಬ ಭಾರತೀಯ ಮಹಿಳೆ. ಅದನ್ನು ನುಡಿಸಿದ್ದು ಮಾತ್ರ ಪಾಶ್ಚಾತ್ಯ ವಾದ್ಯವೃಂದ. ಜಗತ್ತಿನ ಅತ್ಯಂತ ಪ್ರಸಿದ್ಧ ನರ್ತಕಿಯ ಜೊತೆಗೆ ಒಂದು ಹೆಜ್ಜೆಯ ಪಾಠವನ್ನೂ ಕಲಿಯದ ಚಿತ್ರಕಲಾ ವಿದ್ಯಾರ್ಥಿಯೊಬ್ಬ ಕೃಷ್ಣನಾಗಿ ನಿಂತ ಆ ಗಳಿಗೆಯನ್ನು ಊಹಿಸಿಕೊಂಡಾಗ ನನಗೆ ಮೆಚ್ಚುಗೆಗಿಂತ ಗಾಬರಿಯೇ ಹೆಚ್ಚಾಗುತ್ತದೆ.

ಪಾವ್ಲೋವಾ ಅವರ ತಂಡದೊಡನೆ ಅಮೆರಿಕ ಸುತ್ತಿದ ಮೇಲೆ 1924ರಲ್ಲಿ ಅವರಿಂದ ಬೇರೆಯಾಗಿ ಉದಯ ಶಂಕರ್ ಪ್ಯಾರಿಸ್ ಸೇರಿದರು. ಬ್ಯಾಲೆ ಕಲಿಯುವ ಗೋಜಿಗೆ ಹೋಗದೆ ನಿನ್ನ ದೇಶದ ನೃತ್ಯವನ್ನೇ ಹುಡುಕಿಕೊಳ್ಳೆಂದು ಪಾವ್ಲೋವಾ ಹೇಳಿದ್ದರು. ಒಳ್ಳೆಯ ಬುದ್ಧಿಮಾತು, ಆದರೆ ಹೊಟ್ಟೆ ತುಂಬಿಸುವ ಮಾತಲ್ಲ. ಮುಂದಿನ ಐದಾರು ವರ್ಷ ಕ್ಯಾಬರೆ ಮನೆಗಳಲ್ಲಿ, ಸಣ್ಣಪುಟ್ಟ ರಂಗಮಂದಿರಗಳಲ್ಲಿ ಕುಣಿದು ದಿನ ನೂಕಿದ್ದಾಯಿತು. ಪಿಯಾನೋ ಕಲಿಯುತ್ತಿದ್ದ ಸಿಮೋನ್ ಬಾರ್ಬಿಯೆ ಎಂಬ ಫ್ರೆಂಚ್ ಹುಡುಗಿ ಜೊತೆಗೂಡಿದ್ದು ಈ ಅವಧಿಯಲ್ಲಿ; ಮುಂದೆ ‘ಸಿಮ್ಕಿ’ ಎಂಬ ಹೆಸರಿನಿಂದ ಆಕೆ ಕಂಪನಿಯ ಮುಖ್ಯ ನರ್ತಕಿಯಾದರು, ಸತಿಯಾಗಿ, ಪಾರ್ವತಿಯಾಗಿ, ರಾಧೆಯಾಗಿ ಯೂರೋಪಿನ ಪ್ರೇಕ್ಷಕರ ಮುಂದೆ ನಿಂತರು. ಇನ್ನೊಬ್ಬರು ಸ್ವಿಸ್ ಶಿಲ್ಪಿ ಆಲಿಸ್ ಬೋನರ್. 1926ರಲ್ಲಿ ಜ್ಯೂರಿಕ್ ನಗರದಲ್ಲಿ ಉದಯ ಶಂಕರರ ನೃತ್ಯ ನೋಡಿ, ಕಲ್ಲಿನಲ್ಲಿ ತಾನು ಹಿಡಿಯಲು ಹೊರಟಿರುವುದು ಈ ಮೈಯಲ್ಲಿ ತಾನಾಗಿ ಚಲಿಸುತ್ತಿದೆ ಎಂದು ಬೆರಗಾದವರು. 1930ರಲ್ಲಿ ಇಬ್ಬರೂ ಭಾರತಕ್ಕೆ ಬಂದು ಅಜಂತಾ, ಎಲ್ಲೋರಾಗಳನ್ನೂ ದಕ್ಷಿಣದ ದೇವಾಲಯಗಳನ್ನೂ ಸುತ್ತಿದರು, ಕೇರಳದಲ್ಲಿ ಕಥಕ್ಕಳಿ ನೋಡಿದರು. ಕಂಪನಿಗೆ ಬೇಕಾದ ಹಣದ ದೊಡ್ಡ ಭಾಗವನ್ನು ಹೊಂದಿಸಿದವರೂ ಬೋನರ್ ಅವರೇ.

ಈ ಪ್ರವಾಸದಲ್ಲಿ ಉದಯ ಶಂಕರ್ ಕಲಿತದ್ದು ಗುರುವಿನಿಂದ ಅಲ್ಲ, ಕಲ್ಲಿನಿಂದ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಾವೆಲ್ಲ ಬಾದಾಮಿಯ ಮೊದಲನೆಯ ಗುಹೆಯ ಹೊರಗೋಡೆಯ ಹದಿನೆಂಟು ತೋಳಿನ ಶಿವನನ್ನು ನೋಡಿದವರು. ಶಾಲೆಯ ಪ್ರವಾಸದಲ್ಲಿ ಮಾಸ್ತರರು ಆ ತೋಳುಗಳನ್ನು ಎಣಿಸಲು ಹೇಳುತ್ತಾರೆ. ಎಣಿಸಿ ಮುಗಿಸಿ ಮುಂದಿನ ಗುಹೆಗೆ ಓಡುತ್ತೇವೆ. ಆ ಶಿಲ್ಪವನ್ನು ನರ್ತಕನ ಕಣ್ಣಿನಿಂದ ನೋಡಿದರೆ ಏಳುವ ಪ್ರಶ್ನೆಯೇ ಬೇರೆ: ಈ ತೋಳು ಆ ತೋಳಿನ ಜಾಗಕ್ಕೆ ಹೋಗಬೇಕಾದರೆ ಯಾವ ದಾರಿಯಲ್ಲಿ ಹೋಗುತ್ತದೆ? ಶಾಸ್ತ್ರ ಕಲಿತವರಿಗೆ ಆ ದಾರಿ ಅಡವು ಎಂಬ ಹೆಜ್ಜೆಯ ಪಾಠದಲ್ಲಿ, ಹಸ್ತ ಎಂಬ ಕೈಮುದ್ರೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಕಲಿಯದವನು ಅದನ್ನು ತಾನೇ ಹುಡುಕಬೇಕು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳ ತುದಿಗೆ ಅಲೆಯಂತೆ ಹರಿಯುವ ಉದಯ ಶಂಕರರ ಪ್ರಸಿದ್ಧ ತೋಳಿನ ಚಲನೆ ಹುಟ್ಟಿದ್ದು ಹೀಗೆ ಎಂದು ನಾನು ತಿಳಿದಿದ್ದೇನೆ. ಒಂದು ಶಿಲ್ಪಕ್ಕೂ ಇನ್ನೊಂದು ಶಿಲ್ಪಕ್ಕೂ ನಡುವಿನ ಖಾಲಿ ಜಾಗವನ್ನು ಚಿತ್ರಕಾರನೊಬ್ಬ ತನ್ನ ಮೈಯಿಂದ ತುಂಬಿದ ಬಗೆ ಅದು. ಅವರ ನೃತ್ಯದಲ್ಲಿ ಪಾದದ ಕೆಲಸ ಕಡಿಮೆ, ಲಯದ ಲೆಕ್ಕಾಚಾರ ಇನ್ನೂ ಕಡಿಮೆ ಎಂದು ಬಲ್ಲವರು ಆಕ್ಷೇಪಿಸಿದ್ದುಂಟು. ಆಕ್ಷೇಪ ಸರಿಯೇ. ಒಂದೇ ತುಣುಕು ಮೂರು ಸಲ ಬಂದು ಸಮಕ್ಕೆ ಮುಟ್ಟುವ ತಿಹಾಯಿ ಕಲ್ಲಿನಲ್ಲಿ ಕಾಣುವುದಿಲ್ಲ.

1930ರ ಕೊನೆಗೆ ಇಡೀ ಸಂಸಾರ ಪ್ಯಾರಿಸ್ಸಿಗೆ ಬಂದಿಳಿಯಿತು. ತಾಯಿ ಹೇಮಾಂಗಿನಿ ದೇವಿ, ತಮ್ಮಂದಿರಾದ ರಾಜೇಂದ್ರ, ದೇಬೇಂದ್ರ, ಹತ್ತು ವರ್ಷದ ಕಿರಿಯ ರವಿ, ಚಿಕ್ಕಪ್ಪ ಕೇದಾರ ಶಂಕರ್, ಅವರ ಮಗಳು ಕನಕಲತಾ. ನರ್ತಕರು ಬೇಕಾಗಿತ್ತು, ಮನೆಯವರೇ ನರ್ತಕರಾದರು. ಇವರಲ್ಲಿ ಯಾರೂ ಅದುವರೆಗೆ ವೃತ್ತಿಗೆಂದು ಗೆಜ್ಜೆ ಕಟ್ಟಿದವರಲ್ಲ. ನಿಜವಾದ ತಾಲೀಮು ಇದ್ದವರು ತಂಡದಲ್ಲಿ ಯಾರಾದರೂ ಇದ್ದರೆ ಅವರು ವಾದ್ಯಗಾರರು. ಸರೋದ್ ವಾದಕ ತಿಮಿರ್ ಬರನ್ ಮೈಹರದ ಅಲ್ಲಾವುದ್ದೀನ್ ಖಾನರ ಶಿಷ್ಯರು. ಇನ್ನೊಬ್ಬರು ವಿಷ್ಣುದಾಸ ಶಿರಾಲಿ. ಶಿರಾಲಿ ಎಂದರೆ ಉತ್ತರ ಕನ್ನಡದ ಭಟ್ಕಳದ ಬಳಿಯ ಊರು, ಆ ಕಡೆಯ ಮನೆತನಗಳ ಹೆಸರು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಗಾಂಧರ್ವ ಮಹಾವಿದ್ಯಾಲಯದ ವಿಷ್ಣು ದಿಗಂಬರ ಪಲುಸ್ಕರರ ಪರಂಪರೆಯಲ್ಲಿ ಕಲಿತವರು. ನೃತ್ಯದ ಚರಿತ್ರೆ ಬರೆಯುವವರು ಈ ಇಬ್ಬರಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಯಾಕೆಂಬುದಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರುತ್ತೇನೆ.

ತಿಂಗಳುಗಟ್ಟಲೆ ತಾಲೀಮು ನಡೆದು, 1931ರ ಮಾರ್ಚ್ 3ರಂದು ಪ್ಯಾರಿಸ್ಸಿನ ಶಾಂಜೆಲಿಜೆ ರಂಗಮಂದಿರದಲ್ಲಿ ಕಂಪನಿಯ ಮೊದಲ ಪ್ರಯೋಗವಾಯಿತು. ಅದು ಸಾಮಾನ್ಯ ರಂಗಮಂದಿರವಲ್ಲ. 1913ರಲ್ಲಿ ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ನಿಜಿನ್‌ಸ್ಕಿ ಸಂಯೋಜಿಸಿದ ಬ್ಯಾಲೆಯನ್ನು ನೋಡಿ ಪ್ರೇಕ್ಷಕರು ಗದ್ದಲವೆಬ್ಬಿಸಿದ್ದು ಅಲ್ಲಿಯೇ. ಉದಯ ಶಂಕರರಿಗೆ ದಾರಿ ತೋರಿದ ಪಾವ್ಲೋವಾ ಈ ಪ್ರಯೋಗವನ್ನು ನೋಡಲಿಲ್ಲ. ಅದೇ ವರ್ಷದ ಜನವರಿ 23ರಂದು ಅವರು ಹೇಗ್ ನಗರದಲ್ಲಿ ತೀರಿಕೊಂಡಿದ್ದರು.

ಮೊದಲ ವರ್ಷಗಳ ಕಾರ್ಯಕ್ರಮ ಹೇಗಿರುತ್ತಿತ್ತು? ಒಂದು ಸಂಜೆಗೆ ಹಲವು ಚಿಕ್ಕ ಚಿಕ್ಕ ಪ್ರಸ್ತುತಿಗಳು, ಬಹುತೇಕ ಕೆಲವೇ ನಿಮಿಷಗಳವು. ‘ಇಂದ್ರ’ ಮತ್ತು ‘ಗಂಧರ್ವ’ ಉದಯ ಶಂಕರರ ಏಕವ್ಯಕ್ತಿ ನೃತ್ಯಗಳು. ತೋಳು, ಕುತ್ತಿಗೆ, ಕಣ್ಣುಗಳ ಸೂಕ್ಷ್ಮ ಚಲನೆಯೇ ಅಲ್ಲಿ ಎಲ್ಲ. ಹಾವಾಡಿಗನ ನೃತ್ಯ, ಕತ್ತಿಯ ನೃತ್ಯ, ರೈತರ ಕುಣಿತ, ರಾಸಲೀಲೆ ಇವುಗಳಲ್ಲಿ ಮನೆಮಂದಿಯೆಲ್ಲ ಕಾಣಿಸಿಕೊಳ್ಳುತ್ತಿದ್ದರು. ಸಂಜೆಯ ಮುಖ್ಯ ಪ್ರಯೋಗ ‘ತಾಂಡವ ನೃತ್ಯ’. ಶಿವ, ಸತಿ, ಗಜಾಸುರ ಇವರ ಕತೆ, ಮಾತಿಲ್ಲ, ಪದವಿಲ್ಲ. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣನೂ ಕೊರವಂಜಿಯೂ ಮಾತಿಗೆ ಮಾತು ಕೊಡುತ್ತ ಬೆಳಗು ಮಾಡುತ್ತಾರೆ; ಕೇರಳದ ಕಥಕ್ಕಳಿಯಲ್ಲಿ ಒಂದು ಪದ್ಯದ ಅಭಿನಯಕ್ಕೇ ಗಂಟೆ ಹಿಡಿಯುತ್ತದೆ. ಇಲ್ಲಿ ಗಜಾಸುರನ ವಧೆಯವರೆಗಿನ ಕತೆ, ಪರದೇಶದ ಪ್ರೇಕ್ಷಕ ಕುರ್ಚಿಯಲ್ಲಿ ಮೈ ಹೊರಳಿಸುವ ಮೊದಲೇ ಮುಗಿಯಬೇಕಾಗಿತ್ತು. ಕತೆ ಗೊತ್ತಿಲ್ಲದವನಿಗೆ, ಹಸ್ತದ ಅರ್ಥ ತಿಳಿಯದವನಿಗೆ, ಕೇವಲ ಮೈಯ ನಿಲುವಿನಿಂದ ಕೋಪವೂ ಶೋಕವೂ ಮುಟ್ಟಬೇಕಾಗಿತ್ತು. ಸಮಯದ ಈ ಬಿಗಿತ, ಮಾತನ್ನು ಬಿಟ್ಟುಕೊಟ್ಟ ಈ ನಿರ್ಧಾರ, ಬೆಳಕಿನಲ್ಲಿ ದೇಹವೊಂದೇ ಎದ್ದು ಕಾಣುವಂತೆ ಹಿಂದೆ ಬಿಟ್ಟ ಸರಳ ಪರದೆ ಇವೆಲ್ಲ ಇವತ್ತಿನ ಯಾವುದೇ ಸಮಕಾಲೀನ ನೃತ್ಯ ತಂಡದಲ್ಲಿ ನಮಗೆ ತೀರ ಸಹಜವಾಗಿ ಕಾಣುತ್ತವೆ. ಭಾರತೀಯ ವಸ್ತುವಿನ ನೃತ್ಯಕ್ಕೆ ಇವು ಮೊದಲು ಒಗ್ಗಿದ್ದು ಆ ಪ್ರಯೋಗಗಳಲ್ಲಿ.

ಈಗ ಮೇಳದ ಮಾತಿಗೆ ಬರುತ್ತೇನೆ. ಧಾರವಾಡದವರ ಮುಂದೆ ಇದನ್ನು ಹೇಳದೆ ಹೋದರೆ ನೀವು ಕ್ಷಮಿಸಲಾರಿರಿ.

ಪಾವ್ಲೋವಾ ಅವರ ಪ್ರಯೋಗದಲ್ಲಿ ಭಾರತದ ಕತೆಗೆ ಪಿಟೀಲು, ಚೆಲ್ಲೋಗಳು ನುಡಿದಿದ್ದವು. ತನ್ನ ಕಂಪನಿ ಕಟ್ಟುವಾಗ ಉದಯ ಶಂಕರ್ ಅದನ್ನು ಪೂರ್ತಿ ಬಿಟ್ಟರು. ಸರೋದ್, ಸಿತಾರ್, ಎಸ್ರಾಜ್, ಕೊಳಲು, ತಬಲಾ, ತಬಲಾ ತರಂಗ, ಬಗೆಬಗೆಯ ಡೋಲುಗಳು, ಗಂಟೆ, ಜಾಗಟೆ ಇವುಗಳನ್ನೇ ಕೂಡಿಸಿ ಒಂದು ವಾದ್ಯವೃಂದ ಸಿದ್ಧವಾಯಿತು. ವಾದ್ಯಗಾರರು ಪರದೆಯ ಹಿಂದೆ ಅಡಗಲಿಲ್ಲ. ರಂಗದ ಮೇಲೆಯೇ, ಪೋಷಾಕು ತೊಟ್ಟು, ನರ್ತಕರ ಹಿಂಬದಿಯಲ್ಲಿ ಸಾಲಾಗಿ ಕುಳಿತರು. ನೃತ್ಯಗಳ ನಡುವೆ ಕೇವಲ ವಾದ್ಯಸಂಗೀತದ ಪ್ರಸ್ತುತಿಗಳೂ ಇರುತ್ತಿದ್ದವು. ಪಾಶ್ಚಾತ್ಯ ನಗರಗಳ ಸಾವಿರಾರು ಜನ ಸರೋದಿನ ನಾದವನ್ನು ಮೊದಲ ಸಲ ಕೇಳಿದ್ದು ನೃತ್ಯ ನೋಡಲು ಬಂದ ಈ ಸಂಜೆಗಳಲ್ಲಿ.

ಇದಕ್ಕಿಂತ ದೊಡ್ಡದು ಇನ್ನೊಂದು. ನಮ್ಮ ಎಲ್ಲ ನೃತ್ಯ ಸಂಪ್ರದಾಯಗಳಲ್ಲಿ ಪದ ಅಥವಾ ಬೋಲ್ ಎಂಬ ತಾಳದ ನುಡಿ ಮೊದಲು, ಮೈ ಆಮೇಲೆ. ವರ್ಣವಿದ್ದರೆ ಅದಕ್ಕೆ ನರ್ತನ, ಠುಮ್ರಿಯಿದ್ದರೆ ಅದಕ್ಕೆ ಭಾವ. ಈ ಕಂಪನಿಯಲ್ಲಿ ಸಾಮಾನ್ಯವಾಗಿ ಚಲನೆ ಮೊದಲು ಸಿದ್ಧವಾಗುತ್ತಿತ್ತು. ಅದನ್ನು ನೋಡಿ ತಿಮಿರ್ ಬರನ್, ಆಮೇಲೆ ಶಿರಾಲಿ ಸಂಗೀತ ಹೊಂದಿಸುತ್ತಿದ್ದರು. ಇದರ ಕಷ್ಟವನ್ನು ಇಲ್ಲಿರುವ ತಬಲಾ ವಿದ್ಯಾರ್ಥಿಗಳು ಬೇಗ ಊಹಿಸಬಲ್ಲರು. ತಾಳದ ಲೆಕ್ಕ ತಿಳಿಯದ ನರ್ತಕ ತನ್ನ ಉಸಿರಿನ ಲೆಕ್ಕಕ್ಕೆ ಏಳೂವರೆ ಮಾತ್ರೆ ಕುಣಿದು ನಿಂತುಬಿಡುತ್ತಾನೆ. ಅದು ತಪ್ಪೆಂದು ಹೇಳುವ ಹಾಗಿಲ್ಲ, ಅದಕ್ಕೊಂದು ಆವರ್ತನ, ಎಂದರೆ ತಾಳದ ಸುತ್ತು, ಕಟ್ಟಿ ಅವನು ನಿಂತಲ್ಲಿಯೇ ಸಮ ಬರುವಂತೆ ಮಾಡಬೇಕು. ಗುರುವಿಲ್ಲದ ನರ್ತಕನ ಹೆಜ್ಜೆಗೆ ಗುರುವಿದ್ದ ವಾದಕರು ನೆಲ ಕಟ್ಟಿಕೊಟ್ಟರು. ರಾಗದ ಆಲಾಪವನ್ನು ಎರಡು ನಿಮಿಷಕ್ಕೆ ಇಳಿಸುವುದು, ಹಲವು ವಾದ್ಯಗಳನ್ನು ಒಂದೇ ಸ್ವರಸಾಲಿನಲ್ಲಿ ಕೂಡಿಸುವುದು, ಮೌನವನ್ನು ಸಂಗೀತದ ಭಾಗವಾಗಿ ಬಳಸುವುದು ಇವನ್ನೆಲ್ಲ ಅವರು ಕಲಿತದ್ದು ಈ ಒತ್ತಾಯದಿಂದ. ಮುಂದೆ ಆಕಾಶವಾಣಿಯ ವಾದ್ಯವೃಂದವೂ ಸಿನೆಮಾದ ಹಿನ್ನೆಲೆ ಸಂಗೀತವೂ ಇದೇ ದಾರಿಯಲ್ಲಿ ನಡೆದವು. ಬೈಠಕ್ಕಿನಲ್ಲಿ ಬೆಳೆದ ನಮಗೆ ವಾದ್ಯವೃಂದ ಎಂದರೆ ಸ್ವಲ್ಪ ಅಸಡ್ಡೆ ಇದೆ. ಆ ಅಸಡ್ಡೆ ನನ್ನಲ್ಲೂ ಬಹಳ ಕಾಲ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

1932ರ ಡಿಸೆಂಬರ್ ಕೊನೆಯಲ್ಲಿ ಸೋಲ್ ಹುರೋಕ್ ಎಂಬ ಹೆಸರಾಂತ ಗುತ್ತಿಗೆದಾರನ ಮೂಲಕ ಕಂಪನಿ ನ್ಯೂಯಾರ್ಕ್ ಮುಟ್ಟಿತು. ಅಲ್ಲಿಂದಾಚೆಗಿನದು ರೈಲು, ಹಡಗು, ಹೋಟೆಲುಗಳ ಕತೆ. ಯಶಸ್ಸಿನ ಕತೆಗಳು ಒಂದೇ ತೆರನಾಗಿರುವುದರಿಂದ ಅದನ್ನು ಬಿಡುತ್ತೇನೆ. ಕಂಪನಿಯ ಜಾಹೀರಾತುಗಳು ಇದನ್ನು ‘ಹಿಂದೂ ನೃತ್ಯ’ ಎಂದೇ ಕರೆದವು. ಸಾವಿರಾರು ವರ್ಷಗಳ ಪ್ರಾಚೀನ ಕಲೆ ನೋಡುತ್ತಿದ್ದೇವೆಂದು ಪ್ರೇಕ್ಷಕ ನಂಬಿ ಮನೆಗೆ ಹೋದ. ಅವನು ನೋಡಿದ್ದು ಒಂದೆರಡು ವರ್ಷದ ಹಿಂದಷ್ಟೇ ಪ್ಯಾರಿಸ್ಸಿನಲ್ಲಿ ಹುಟ್ಟಿದ ಹೊಸ ನೃತ್ಯ. ಈ ತಪ್ಪು ತಿಳಿವಳಿಕೆಯಿಂದ ಟಿಕೆಟ್ಟುಗಳು ಮಾರಾಟವಾದವು. ಉದಯ ಶಂಕರ್ ಅದನ್ನು ತಿದ್ದಲು ಬಹಳ ಶ್ರಮಪಟ್ಟಂತೆ ಕಾಣುವುದಿಲ್ಲ. ಇದು ಅವರ ಮೇಲೆ ಹೊರಿಸಬಹುದಾದ ನ್ಯಾಯವಾದ ಆರೋಪ.

ಆದರೆ ಅದೇ ಕಾಲದಲ್ಲಿ ಭಾರತದಲ್ಲಿ ಏನು ನಡೆಯುತ್ತಿತ್ತು ಎಂದು ನೋಡಿದರೆ ಆರೋಪದ ಮೊನೆ ಸ್ವಲ್ಪ ಮೊಂಡಾಗುತ್ತದೆ. ಪ್ಯಾರಿಸ್ಸಿನ ಪ್ರಯೋಗ ನಡೆದ ಅದೇ 1931ರ ಮಾರ್ಚ್ ತಿಂಗಳಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ದೇವದಾಸಿ ಮನೆತನದ ಇಬ್ಬರು ಸೋದರಿಯರ ನೃತ್ಯವನ್ನು ತನ್ನ ವೇದಿಕೆಯ ಮೇಲೆ ಮೊದಲ ಬಾರಿಗೆ ಏರ್ಪಡಿಸಿತು. ಸದಿರ್ ಎಂದು ಕರೆಯುತ್ತಿದ್ದ ಆ ಕಲೆಗೆ ಭರತನಾಟ್ಯ ಎಂಬ ಹೆಸರು ನೆಲೆಗೊಂಡದ್ದು ಅದರ ನಂತರದ ವರ್ಷಗಳಲ್ಲಿ. ವಳ್ಳತ್ತೋಳ್ ಕವಿ ಕೇರಳ ಕಲಾಮಂಡಲವನ್ನು ತೆರೆದದ್ದು 1930ರಲ್ಲಿ, ರುಕ್ಮಿಣೀದೇವಿಯವರು ಕಲಾಕ್ಷೇತ್ರ ಆರಂಭಿಸಿದ್ದು 1936ರಲ್ಲಿ. ಎಂದರೆ, ನಾವು ಇಂದು ‘ಶಾಸ್ತ್ರೀಯ’ ಎಂದು ಒಂದು ಕಡೆಗೂ ‘ಸಮಕಾಲೀನ’ ಎಂದು ಇನ್ನೊಂದು ಕಡೆಗೂ ಇಡುವ ಎರಡೂ ಒಂದೇ ದಶಕದಲ್ಲಿ ಇವತ್ತಿನ ರೂಪ ಪಡೆದವು. ಹಳೆಯದು ಮೊದಲು ಗಟ್ಟಿಯಾಗಿ ನಿಂತಿತ್ತು, ಹೊಸದು ಬಂದು ಅದನ್ನು ಮುರಿಯಿತು ಎಂಬ ಕತೆ ಯೂರೋಪಿನ ಬ್ಯಾಲೆಗೆ ಹೊಂದಬಹುದು. ನಮ್ಮಲ್ಲಿ ಇವು ಒಂದೇ ತೊಟ್ಟಿಲಿನಲ್ಲಿ ಮಲಗಿದ್ದ ಮಕ್ಕಳು. ಬೆಂಗಳೂರಿನಲ್ಲಿ ಹುಟ್ಟಿದ ರಾಮ ಗೋಪಾಲ್ ಇದೇ ದಶಕದ ಕೊನೆಗೆ ಯೂರೋಪಿಗೆ ಹೋದವರು. ಅವರು ಕಥಕ್ಕಳಿ, ಭರತನಾಟ್ಯಗಳನ್ನು ಗುರುಗಳಿಂದ ಕಲಿತು ಹೋದರು. ಅವರಿಬ್ಬರ ನಡುವಿನ ವ್ಯತ್ಯಾಸದ ಬಗ್ಗೆ ಬೇರೆಯದೇ ಉಪನ್ಯಾಸ ಆಗಬೇಕು.

ಉದಯ ಶಂಕರ್ 1933ರಲ್ಲಿ ಕಂಪನಿಯೊಡನೆ ಭಾರತಕ್ಕೆ ಬಂದಾಗ ರವೀಂದ್ರನಾಥ ಠಾಕೂರರು ಪತ್ರ ಬರೆದು ಹರಸಿದರು. ನನ್ನ ದೃಷ್ಟಿಯಲ್ಲಿ ಆ ಭೇಟಿಗಳ ಮುಖ್ಯ ಫಲ ಬೇರೆ. ಜಗತ್ತೆಲ್ಲ ಹೊಗಳಿದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ಒಬ್ಬ ಗುರುವಿನ ಮುಂದೆ ಕೈಕಟ್ಟಿ ನಿಂತರು. ಆ ಗುರು ಕಥಕ್ಕಳಿಯ ಶಂಕರನ್ ನಂಬೂದಿರಿ. ಅವರ ಪಾಠದಿಂದ ಹೊರಬಂದದ್ದು ‘ಕಾರ್ತಿಕೇಯ’, ಯುದ್ಧಕ್ಕೆ ಸಿದ್ಧನಾಗುವ ದೇವಸೇನಾನಿಯ ನೃತ್ಯ. ಪ್ರಾರಂಭದ ‘ಇಂದ್ರ’ನ ಪಕ್ಕದಲ್ಲಿ ಇದನ್ನಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ: ಮಂಡಿ ಬಾಗಿದೆ, ಪಾದ ನೆಲವನ್ನು ಅಂಚಿನಿಂದ ಹಿಡಿದಿದೆ, ಮುಖ ಕೆಲಸ ಮಾಡುತ್ತಿದೆ. ತೋಳಿನ ಅಲೆ ಮಾತ್ರ ಹಳೆಯದೇ. ಗುರುಗಳು ಅದನ್ನು ಬಿಡಿಸಲಿಲ್ಲ ಎಂಬುದು ಗುರುಗಳ ದೊಡ್ಡತನ.

ತಿಮಿರ್ ಬರನ್ ಕಂಪನಿ ಬಿಟ್ಟ ಮೇಲೆ ಸಂಗೀತದ ಹೊಣೆ ಶಿರಾಲಿಯವರಿಗೆ ಬಂತು. 1935ರಲ್ಲಿ ತಿಮಿರ್ ಬರನ್ ಅವರ ಗುರುಗಳಾದ ಸ್ವತಃ ಅಲ್ಲಾವುದ್ದೀನ್ ಖಾನರೇ ಕಂಪನಿಯೊಡನೆ ಹೊರಟರು. ಜರ್ಮನಿಯ ಮೇರಿ ವಿಗ್‌ಮನ್ ಅವರ ಶಾಲೆಯಲ್ಲಿ ಆಧುನಿಕ ನೃತ್ಯ ಕಲಿತಿದ್ದ ಜೊಹ್ರಾ, ಮುಂದೆ ನಟಿ ಜೊಹ್ರಾ ಸೆಹಗಲ್ ಆದವರು, ಸೇರಿದ್ದೂ ಆ ವರ್ಷವೇ. ಮುಂಬಯಿಯ ಬಂದರಿನಲ್ಲಿ ಹಡಗು ಹೊರಡುವ ಮುನ್ನ ತಾಯಿ ಹೇಮಾಂಗಿನಿ ದೇವಿ ಕಿರಿಯ ಮಗ ರವಿಯ ಕೈಯನ್ನು ಖಾನ್ ಸಾಹೇಬರ ಕೈಗಿಟ್ಟು, ಇವನನ್ನು ನಿಮ್ಮ ಮಗನೆಂದು ನೋಡಿಕೊಳ್ಳಿ ಎಂದರಂತೆ. ರವಿಗೆ ಆಗ ಹದಿನೈದು. ಚೆನ್ನಾಗಿ ಕುಣಿಯುತ್ತಿದ್ದ, ಒಳ್ಳೆಯ ಸೂಟು ತೊಡುತ್ತಿದ್ದ, ಸಿಕ್ಕ ವಾದ್ಯವನ್ನೆಲ್ಲ ನುಡಿಸುತ್ತಿದ್ದ ಹುಡುಗ. ಒಂದನ್ನೇ ಹಿಡಿದು ಕೂಡು, ಇಲ್ಲದಿದ್ದರೆ ಏನೂ ಆಗಲಾರೆ ಎಂದು ಖಾನ್ ಸಾಹೇಬರು ಗದರಿಸಿದರು. 1938ರಲ್ಲಿ ಹುಡುಗ ನೃತ್ಯವನ್ನೂ ಅಣ್ಣನ ಕಂಪನಿಯನ್ನೂ ಬಿಟ್ಟು, ತಲೆ ಬೋಳಿಸಿಕೊಂಡು ಮೈಹರಕ್ಕೆ ಹೋಗಿ ಗುರುವಿನ ಮನೆ ಸೇರಿದ. ಗುರುವಿಲ್ಲದೆ ಹುಟ್ಟಿದ ಕಂಪನಿ ದೇಶಕ್ಕೆ ಕೊಟ್ಟ ಅತ್ಯಂತ ಪ್ರಸಿದ್ಧ ಕಲಾವಿದ, ಅದರಿಂದ ಹೊರಬಂದು ಗುರುವಿನಿಂದ ಗಂಡಾ, ಎಂದರೆ ಶಿಷ್ಯತ್ವದ ದಾರ, ಕಟ್ಟಿಸಿಕೊಂಡವನು. ಈ ಮಾತನ್ನು ಹೇಳಿದಾಗ ಇಲ್ಲಿ ಕೆಲವರು ಸಮಾಧಾನದಿಂದ ತಲೆದೂಗಿದ್ದನ್ನು ಗಮನಿಸಿದೆ. ಸ್ವಲ್ಪ ತಡೆಯಿರಿ. ಆ ಏಳು ವರ್ಷಗಳ ವಾದ್ಯವೃಂದದ ಪಾಠವಿಲ್ಲದಿದ್ದರೆ ರವಿ ಶಂಕರ್ ಮುಂದೆ ಪಾಶ್ಚಾತ್ಯ ಪ್ರೇಕ್ಷಕರ ಎದುರು ಅಷ್ಟು ನಿರಾಳವಾಗಿ ಕುಳಿತು ರಾಗವನ್ನು ಪರಿಚಯಿಸುತ್ತಿದ್ದರೇ?

ಅದೇ 1938ರಲ್ಲಿ ಉದಯ ಶಂಕರ್ ಸಂಚಾರಿ ಕಂಪನಿಯನ್ನು ನಿಲ್ಲಿಸಿದರು. ಇಂಗ್ಲೆಂಡಿನ ಡಾರ್ಟಿಂಗ್‌ಟನ್ ಹಾಲ್‌ನ ಎಲ್ಮ್‌ಹರ್ಸ್ಟ್ ದಂಪತಿಗಳ ನೆರವಿನಿಂದ ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ ಸಂಸ್ಕೃತಿ ಕೇಂದ್ರವೊಂದು ತೆರೆಯಿತು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್. ತನಗೆ ಸಿಗದಿದ್ದುದನ್ನೆಲ್ಲ ಒಂದೇ ಗುಡ್ಡದ ಮೇಲೆ ತಂದು ಕೂಡಿಸಿದ ಹಾಗಿತ್ತು. ಆದರೆ ಅವರ ಸ್ವಂತ ತರಗತಿಯಲ್ಲಿ ಮುದ್ರೆ, ಅಡವುಗಳಿರಲಿಲ್ಲ. ವಿದ್ಯಾರ್ಥಿಗಳು ಸುತ್ತು ಹಾಕುತ್ತ ನಡೆಯಬೇಕು, ಬರೀ ನಡೆಯಬೇಕು. ನಡೆಯುತ್ತ ತಮ್ಮ ಬೆನ್ನು, ಭುಜ, ಉಸಿರು ಏನು ಮಾಡುತ್ತಿವೆ ಎಂದು ಗಮನಿಸಬೇಕು. ಅಲ್ಲಿ ಕಲಿತವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ ಪಡುಕೋಣೆ ಒಬ್ಬರು. ಸಿನೆಮಾದವರು ಗುರುದತ್ ಎನ್ನುತ್ತಾರೆ. ಅವರ ಹಾಡಿನ ದೃಶ್ಯಗಳಲ್ಲಿ ಪಾತ್ರಗಳು ನಡೆಯುವುದನ್ನು ಇನ್ನೊಮ್ಮೆ ನೋಡಿ.

ಅಲ್ಮೋರಾದ ಕಾಲದ ಎರಡು ಪ್ರಯೋಗಗಳನ್ನು ಹೆಸರಿಸಲೇಬೇಕು. ಒಂದು, ಹಳ್ಳಿಗೆ ಮರಳಿದ ಯುವಕನೊಬ್ಬನ ಕನಸು ಮತ್ತು ಎಚ್ಚರಗಳ ಮೂಲಕ ದೇಶದ ಸ್ಥಿತಿಯನ್ನು ಹೇಳುವ ‘ಬದುಕಿನ ಲಯ’. ಇನ್ನೊಂದು ‘ದುಡಿಮೆ ಮತ್ತು ಯಂತ್ರ’. ಹೊಲ ಬಿಟ್ಟು ಕಾರ್ಖಾನೆಗೆ ಬಂದ ಜನರ ಮೈಗಳೇ ಇಲ್ಲಿ ಗಾಲಿ, ಹಲ್ಲುಚಕ್ರಗಳಾಗುತ್ತವೆ. ದೇವತೆಗಳನ್ನು ಕುಣಿಸಿ ಹೆಸರಾದ ಕಲಾವಿದ ಯಂತ್ರವನ್ನು ಕುಣಿಸಿದ. ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿಯೋ ರೈಲ್ವೆ ವರ್ಕ್‌ಶಾಪಿನ ಭೋಂಗಾದ ಸದ್ದಿಗೆ ಏಳುವ ಓಣಿಗಳಲ್ಲಿಯೋ ಬೆಳೆದವರಿಗೆ ಆ ಚಲನೆಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿಲ್ಪ ನೋಡಿ ಕಲಿತ ಕಣ್ಣು ಯಂತ್ರವನ್ನೂ ಹಾಗೆಯೇ ನೋಡಿತ್ತು: ಒಂದು ನಿಲುವು, ಇನ್ನೊಂದು ನಿಲುವು, ಎರಡರ ನಡುವಿನ ದಾರಿ.

ಯುದ್ಧದ ದಿನಗಳು, ಹಣದ ಅಡಚಣೆ, ಒಳಗಿನ ಮನಸ್ತಾಪಗಳು ಎಲ್ಲ ಸೇರಿ 1944ರ ಹೊತ್ತಿಗೆ ಅಲ್ಮೋರಾ ಮುಚ್ಚಿತು. ಅಲ್ಲಿಂದ ಚದುರಿದವರು ತಮ್ಮ ತಮ್ಮ ತಂಡ ಕಟ್ಟಿದರು. ಶಾಂತಿ ಬರ್ಧನ್ 1952ರಲ್ಲಿ ಮುಂಬಯಿಯಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಆರಂಭಿಸಿ, ನರ್ತಕರು ಸೂತ್ರದ ಗೊಂಬೆಗಳಂತೆ ಚಲಿಸುವ ರಾಮಾಯಣವನ್ನು ರಂಗಕ್ಕೆ ತಂದರು. ಕ್ಷಯದಿಂದ ಎರಡೇ ವರ್ಷದಲ್ಲಿ ತೀರಿಕೊಂಡರು. ಸಚಿನ್ ಶಂಕರ್ ಮುಂಬಯಿಯಲ್ಲಿ, ನರೇಂದ್ರ ಶರ್ಮಾ ದೆಹಲಿಯಲ್ಲಿ ಕೆಲಸ ಮುಂದುವರಿಸಿದರು. ನಮ್ಮ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಬ್ಯಾಲೆ ಕಟ್ಟಿದ್ದನ್ನು ಈ ಸಾಲಿಗೆ ಸೇರಿಸಲಾಗದು. ಅವರ ಬೇರು ಬೇರೆ. ಆದರೆ ಇಬ್ಬರೂ ಎದುರಿಸಿದ ಪ್ರಶ್ನೆ ಒಂದೇ ಆಗಿತ್ತು: ಮಾತು ಹೋದ ಮೇಲೆ ಮೈ ಎಷ್ಟನ್ನು ಹೊರಬಲ್ಲದು?

ಕಂಪನಿಯ ಮೊದಲ ಪ್ರಯೋಗಗಳನ್ನು ನೋಡಿದವರು ಈಗ ಉಳಿದಿಲ್ಲ. ನಮಗೆ ದಕ್ಕಿರುವುದು ಛಾಯಾಚಿತ್ರಗಳು, ಪತ್ರಿಕೆಗಳ ಬರಹಗಳು, ಕೆಲವು ಧ್ವನಿಮುದ್ರಿಕೆಗಳು ಮತ್ತು ಒಂದು ಸಿನೆಮಾ. ಅಲ್ಮೋರಾ ಮುಚ್ಚಿದ ಮೇಲೆ ಉದಯ ಶಂಕರ್ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಕುಳಿತು ‘ಕಲ್ಪನಾ’ ಚಿತ್ರ ತೆಗೆದರು. ಅದು 1948ರಲ್ಲಿ ತೆರೆಗೆ ಬಂತು, ಹಣ ಗಳಿಸಲಿಲ್ಲ. ಪತ್ನಿ ಅಮಲಾ ಅದರಲ್ಲಿ ಜೊತೆಗೆ ಕುಣಿದಿದ್ದಾರೆ. 1931ರಲ್ಲಿ ತಂದೆಯೊಡನೆ ಪ್ಯಾರಿಸ್ಸಿನ ವಸ್ತುಪ್ರದರ್ಶನ ನೋಡಲು ಬಂದು, ಹೇಮಾಂಗಿನಿ ದೇವಿಯವರ ಮಡಿಲು ಸೇರಿ, ಹನ್ನೆರಡನೆಯ ವಯಸ್ಸಿಗೆ ಕಂಪನಿಯಲ್ಲಿ ಕಾಳಿಂಗನ ಪಾತ್ರ ಮಾಡಿದ ಹುಡುಗಿ ಅವರು. ಹಾಳಾಗುತ್ತಿದ್ದ ಆ ಚಿತ್ರವನ್ನು ಶುದ್ಧಗೊಳಿಸಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ ತೊಂಬತ್ತು ದಾಟಿದ ಅಮಲಾ ಶಂಕರ್ ಅಲ್ಲಿಗೆ ಹೋಗಿದ್ದರು.

ಈಗ ‘ಕಲ್ಪನಾ’ದ ಒಂದು ಭಾಗವನ್ನು ಇಲ್ಲಿ ತೋರಿಸುತ್ತೇವೆ. ದಯವಿಟ್ಟು ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ಸಂಗೀತ ವಿಷ್ಣುದಾಸ ಶಿರಾಲಿಯವರದು. ಎರಡನೆಯ ಸಲ ಹಾಕಿದಾಗ ಕಣ್ಣು ತೆರೆಯಿರಿ.